ಮರಿದೇವರು ಓಟು ಕೇಳಿದ್ದು

ಗಡ್ಡ ನರೆತು ಎದೆಯವರೆಗೆ ಇಳಿದ ಮೇಲೂ ನಮ್ಮ ಬೀದಿಯವರು ಪಂಚಾಕ್ಷರಯ್ಯನವರನ್ನು ಮರಿದೇವರು ಎಂದೇ ಕರೆಯುತ್ತಿದ್ದರು. ಮಠಕ್ಕೆ ಬಿಟ್ಟ ಹುಡುಗನನ್ನು, ಮುಂದೆ ಪಟ್ಟಕ್ಕೆ ಬರಬಹುದಾದವನನ್ನು, ಹಾಗೆ ಕರೆಯುವುದು ವಾಡಿಕೆ. ಪಟ್ಟ ಬೇರೆಯವರಿಗೆ ಆಯಿತು. ಪಟ್ಟವಾದವರು ಹಾಸನದ ಕಡೆ ಇನ್ನೊಂದು ದೊಡ್ಡ ಮಠದಲ್ಲಿ ನೆಲೆಸಿ, ಹೊಳೆನರಸೀಪುರದ ನಮ್ಮ ಸಣ್ಣ ಮಠಕ್ಕೆ ವರ್ಷಕ್ಕೊಮ್ಮೆ ಬಂದು ಪಾದಪೂಜೆ ಮಾಡಿಸಿಕೊಂಡು ಹೋಗುತ್ತಿದ್ದರು. ಇವರು ಮಾತ್ರ ಮಠದ ಪಕ್ಕದ ಕೋಣೆಯಲ್ಲಿ ಮರಿಯಾಗಿಯೇ ಉಳಿದರು. ನಾನು ಹೇಳುವ ಕಾಲಕ್ಕೆ ಮರಿಗೆ ನಲವತ್ತು ದಾಟಿತ್ತು.

ನಮ್ಮ ಮನೆ ಮಠದ ಎದುರಿಗೇ. ನನ್ನ ಯಜಮಾನರದು ಪೇಟೆಯಲ್ಲಿ ಎಲೆಅಡಿಕೆ ಅಂಗಡಿ. ಬೆಳಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಹಾಗಾಗಿ ಮರಿದೇವರ ದಿನ ಹೇಗೆ ಕಳೆಯುತ್ತದೆಂದು ನನಗೆ ಅವರಿಗಿಂತ ಚೆನ್ನಾಗಿ ಗೊತ್ತಿತ್ತು. ಹೊಳೆಗೆ ಹೋಗಿ ಮಿಂದು ಬರುವುದು, ಲಿಂಗಪೂಜೆ, ಆಮೇಲೆ ವಿಭೂತಿ ಉಂಡೆ ಕಟ್ಟುವುದು, ಮುತ್ತುಗದೆಲೆ ಹಚ್ಚುವುದು. ಮದುವೆ ಮನೆಯವರು ಬಂದು ಆ ಊಟದೆಲೆ ಒಯ್ಯುತ್ತಿದ್ದರು, ಇವರನ್ನು ಊಟಕ್ಕೆ ಕರೆಯುವುದನ್ನು ಎಷ್ಟೋ ಸಲ ಮರೆಯುತ್ತಿದ್ದರು. ಮಧ್ಯಾಹ್ನ ಒಬ್ಬರೇ ಒಂದು ಮುದ್ದೆ ಮಾಡಿಕೊಂಡು, ಗೋಡೆ ಕಡೆ ಮುಖ ಮಾಡಿ ಉಣ್ಣುತ್ತಿದ್ದರು. ಅದನ್ನು ಕಿಟಕಿಯಿಂದ ನೋಡಿದಾಗಲೆಲ್ಲ ನನಗೆ, ಪುಣ್ಯದ ಹೆಸರಿನಲ್ಲಿ ಜನ ಏನೇನು ಮಾಡುತ್ತಾರೆ ಎಂದು ಸಿಟ್ಟು ಬರುತ್ತಿತ್ತು.

ಅವರು ಯಾರ ಮನೆಯ ಬಾಗಿಲಿಗೂ ತಾವಾಗಿ ಹೋದವರಲ್ಲ. ಪೂಜೆಗೆ ಬೇಕಾದರೆ ಕರೆದುಕೊಂಡು ಹೋಗಲು ಯಾರಾದರೂ ಬರಬೇಕು. ಮಠದ ಪರವಾಗಿ ಕೋರಣ್ಯಕ್ಕೆ, ಅಂದರೆ ಮನೆಮನೆಯ ಮುಂದೆ ನಿಂತು ಭಿಕ್ಷೆ ತರುವುದಕ್ಕೆ, ಅರಕಲಗೂಡಿನ ಕಡೆಯ ಒಬ್ಬ ಅಯ್ಯ ಬಂದು ಹೋಗುತ್ತಿದ್ದ. ಇವರು ಜೋಳಿಗೆ ಮುಟ್ಟುತ್ತಿರಲಿಲ್ಲ. ಇದು ದೊಡ್ಡ ವೈರಾಗ್ಯ ಎಂದು ಊರವರು ಕೈ ಮುಗಿಯುತ್ತಿದ್ದರು. ವೈರಾಗ್ಯವೂ ಅಲ್ಲ, ಮಣ್ಣೂ ಅಲ್ಲ. ಅದು ಭಯ.

ಆ ಭಯ ಹುಟ್ಟಿದ್ದು ನಮ್ಮೂರಿನ ಕೋಟೆ ಬೀದಿಯಲ್ಲೇ. ಪಂಚಾಕ್ಷರಯ್ಯನವರ ತಾಯಿ ಗುರುಸಿದ್ದಮ್ಮನವರ ಮನೆ ಆ ಬೀದಿಯ ಕೊನೆಯದು. ಮಗು ಜ್ವರದಲ್ಲಿ ಕಣ್ಣು ಮೇಲೆ ಮಾಡಿದಾಗ, ಉಳಿದರೆ ಮಠಕ್ಕೆ ಬಿಡುತ್ತೇನೆ ಎಂದು ಆಕೆ ಹರಕೆ ಹೊತ್ತರು. ಮಗು ಉಳಿಯಿತು. ಹುಡುಗನಿಗೆ ತಿಳುವಳಿಕೆ ಬಂದ ಮೇಲೆ ದೀಕ್ಷೆ ಕೊಡಿಸಿ ಬಿಟ್ಟರು. ಹರಕೆಗೆ ಕೊಟ್ಟ ಮಗನಿಗೆ ಆಮೇಲೆ ಅವ್ವ ಇಲ್ಲ, ಅಪ್ಪ ಇಲ್ಲ, ಆ ಮನೆಯ ಹೊಸ್ತಿಲು ದಾಟುವಂತಿಲ್ಲ ಎಂದು ಹಿರಿಯರು ಹೇಳಿದರಂತೆ. ಯಾವ ಶಾಸ್ತ್ರದಲ್ಲಿದೆಯೋ ಶಿವನೇ ಬಲ್ಲ.

ಮಠದ ಹಳೆಯ ಬುದ್ಧಿಯವರು, ಅಂದರೆ ಆಗಿನ ಸ್ವಾಮಿಗಳು, ಹುಡುಗನನ್ನು ಮೊದಲ ಸಲ ಕೋರಣ್ಯಕ್ಕೆ ಕರೆದುಕೊಂಡು ಹೋದರು. ಭಿಕ್ಷೆಗೆ ಹೋದ ಅಯ್ಯ ಬಾಯಿಬಿಟ್ಟು ಕೇಳಬಾರದು. ಗಂಟೆ ಬಾರಿಸಿ ನಿಲ್ಲಬೇಕು, ಕೊಟ್ಟರೆ ಹರಸಬೇಕು, ಕೊಡದಿದ್ದರೆ ಮುಂದಿನ ಮನೆಗೆ ನಡೆಯಬೇಕು. ಹುಡುಗ ಇದನ್ನೆಲ್ಲ ಚೆನ್ನಾಗಿಯೇ ಮಾಡಿದ. ಕೊನೆಯ ಮನೆಯಲ್ಲಿ ಅವ್ವ ಮೊರದಲ್ಲಿ ರಾಗಿ ಹಿಡಿದು ಹೊರಗೆ ಬಂದಾಗ ಮಾತ್ರ ಅವನ ಬಾಯಿ ತಡೆಯಲಿಲ್ಲ. "ಅವ್ವಾ, ನಾನೂ ಒಳೀಕ್ ಬರ್ಲಾ?" ಎಂದು ಕೇಳಿಬಿಟ್ಟ. ಗುರುಸಿದ್ದಮ್ಮನವರು ರಾಗಿಯನ್ನು ಜೋಳಿಗೆಗೆ ಸುರಿದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ಕೇಳಬಾರದು ಮರಿ. ಕೇಳಿದರೆ ಹೀಗೇ ಆಗೋದು" ಎಂದರಂತೆ ಬುದ್ಧಿಯವರು. ಅವತ್ತಿನಿಂದ ಪಂಚಾಕ್ಷರಯ್ಯನವರು ಯಾರನ್ನೂ ಏನನ್ನೂ ಕೇಳಲಿಲ್ಲ. ಒಂದೇ ಊರಿನಲ್ಲಿ ತಾಯಿಯೂ ಮಗನೂ ಬದುಕಿದ್ದು, ಹೊಳೆಗೆ ಹೋಗುವಾಗ ಇವರು ಕೋಟೆ ಬೀದಿಯನ್ನು ತಪ್ಪಿಸಿ ಸುತ್ತು ಹಾಕುತ್ತಿದ್ದರು.

ಇಂಥವರಿಗೆ ಇದ್ದ ಒಬ್ಬನೇ ಸ್ನೇಹಿತ ದರ್ಜಿ ಕೆಂಪಣ್ಣ. ಮಠದ ಜಗಲಿಯ ಒಂದು ತುದಿಯಲ್ಲಿ ಅವನ ಹೊಲಿಗೆ ಮೆಷಿನ್ನು. ಅವನು ಮಾತಿನ ಮಲ್ಲ. ಮೆಷಿನ್ನು ನಿಂತರೂ ಬಾಯಿ ನಿಲ್ಲದು. ಮರಿದೇವರು ಎಲೆ ಹಚ್ಚುತ್ತಾ ಕೇಳುವರು, ಅವನು ಹೊಲಿಯುತ್ತಾ ಹೇಳುವನು. ಒಂದು ಮಳೆಗಾಲದಲ್ಲಿ ಇವರು ಚಳಿಜ್ವರ ಬಂದು ಕೋಣೆಯಲ್ಲಿ ಬಿದ್ದಿದ್ದಾಗ, ಎತ್ತಿ ಕೂರಿಸಿ ಗಂಜಿ ಕುಡಿಸಿದವನು ಅವನೇ. ಭಕ್ತರು ಎನಿಸಿಕೊಂಡವರು ಆಚೆಯಿಂದಲೇ ಕೈ ಮುಗಿದು ಹೋಗಿದ್ದರು. ಕೆಂಪಣ್ಣ ಖಾದಿ ಉಡಲು ಶುರುಮಾಡಿ, ಬಾವುಟ ಹಾರಿಸಲು ಹೋಗಿ ಹಾಸನದ ಜೈಲು ನೋಡಿ ಬಂದ. ಯುರೋಪಿನಲ್ಲಿ ಯುದ್ಧ ಶುರುವಾದ ಮಾರನೆಯ ವರ್ಷ ಪುರಸಭೆಯ ಚುನಾವಣೆ ಬಂತು. ಪಕ್ಕದಲ್ಲೇ ಹೇಮಾವತಿ ಹರಿಯುತ್ತಿದ್ದರೂ ನಮ್ಮ ಬೀದಿಗಳಿಗೆ ನಲ್ಲಿ ಇಲ್ಲ ಎಂಬ ಒಂದೇ ಮಾತು ಹಿಡಿದುಕೊಂಡು ಅವನು ಚುನಾವಣೆಗೆ ನಿಂತ. ಎದುರಿಗೆ ಅಕ್ಕಿ ಗಿರಣಿಯ ಸಾಹುಕಾರರು ನಿಂತರು.

ಆಗ ಮನೆ ಕಂದಾಯ ಕಟ್ಟುವವರಿಗಷ್ಟೇ ಓಟು. ಗಂಡ ತೀರಿಕೊಂಡು ಮನೆ ತಮ್ಮ ಹೆಸರಿಗೆ ಬಂದ ಹೆಂಗಸರಿಗೂ ಇತ್ತು, ಗುರುಸಿದ್ದಮ್ಮನವರಿಗೂ ಹಾಗೆ ಬಂದಿತ್ತು. ಸಾಹುಕಾರರು ಮನೆಮನೆಗೆ ತಾಂಬೂಲ ಕಳಿಸಿದರು. ಕೆಂಪಣ್ಣನ ಬಳಿ ಕಳಿಸಲು ತಾಂಬೂಲವೂ ಇರಲಿಲ್ಲ, ಜನವೂ ಇರಲಿಲ್ಲ. ಒಂದು ಸಂಜೆ ಮೆಷಿನ್ನು ನಿಲ್ಲಿಸಿ ಮರಿದೇವರ ಮುಂದೆ ಬಂದು ಕೂತ.

"ಬುದ್ಧೀ, ನಾನ್ ಓದ್ರೆ ಗಂಡಸ್ರು ಮನೇಲಿಲ್ಲ ಅಂತ ಒಳಗಿಂದ್ಲೇ ಯೋಳ್ತಾರೆ. ನೀವು ಓಗ್ಬೇಕು. ನಿಮ್ಮುನ್ನ ಕಂಡ್ರೆ ಬಾಗ್ಲು ಮುಚ್ಚೋರು ಈ ಊರಲ್ಲಿ ಯಾರವ್ರೆ?"

"ಒಬ್ರು ಇದ್ದಾರೆ" ಎಂದರು ಮರಿದೇವರು.

ಕೆಂಪಣ್ಣನಿಗೆ ಅದು ಅರ್ಥವಾಗಲಿಲ್ಲ. "ಬಾಯಿದ್ದೋನು ಬರಗಾಲದಲ್ಲೂ ಬದುಕ್ದ ಅಂತಾರೆ. ಮಗು ಅತ್ರೆ ತಾನೆ ಬುದ್ಧಿ ತಾಯಿ ಆಲು ಕೊಡೋದು? ಬಾಯಿಬುಟ್ಟು ಕೇಳ್ಬೇಕು ಕಣ್ ಬುದ್ಧಿ" ಎಂದ. ಪಾಪ, ಅವನಿಗೇನು ಗೊತ್ತು! ಮರಿದೇವರು ಕೈಯಲ್ಲಿದ್ದ ಮುತ್ತುಗದೆಲೆಯನ್ನು ಕೆಳಗಿಟ್ಟರು. ಗಂಜಿ ಕುಡಿಸಿದ ಕೈ ಎದುರಿಗಿತ್ತು. ಆಗಲಿ ಎಂದರು.

ಮಾರನೆಯ ದಿನ ಪೂಜೆ ಮುಗಿಸಿ ಹೊರಟರು. ನಾನು ಜಗಲಿಯಲ್ಲಿ ಕೂತು ಕಾಯುತ್ತಿದ್ದೆ. ಬಿಸಿಲೇರುವ ಹೊತ್ತಿಗೆ ಹೆಗಲ ಮೇಲಿನ ವಸ್ತ್ರವನ್ನು ಗಂಟು ಕಟ್ಟಿ ಎದೆಗೆ ಅವುಚಿಕೊಂಡು, ಕಳ್ಳರು ಬಂದ ಹಾಗೆ ಗೋಡೆ ಸವರಿಕೊಂಡು ಬಂದರು. ನನ್ನ ಮುಂದೆ ಬಿಚ್ಚಿದರು. ತುಂಬಾ ರಾಗಿ ಹಿಟ್ಟು. ನಡುವೆ ಒಂದು ಬೆಲ್ಲದ ಅಚ್ಚು.

ಆಗಿದ್ದು ಇಷ್ಟು. ಮೊದಲ ಮನೆಯ ಮುಂದೆ ನಿಂತರು, ಬಾಯಿ ಬರಲಿಲ್ಲ. ಕಾವಿ ಉಟ್ಟ ಅಯ್ಯನವರು ಮಾತಿಲ್ಲದೆ ಬಾಗಿಲಲ್ಲಿ ನಿಂತರೆ ನಮ್ಮ ಹೆಂಗಸರಿಗೆ ಬೇರೆ ಏನು ಹೊಳೆಯಬೇಕು? ಕೋರಣ್ಯ ಎಂದುಕೊಂಡು ಮೊರದ ಹಿಟ್ಟು ತಂದರು. ಜೋಳಿಗೆ ಇಲ್ಲವಲ್ಲ, ವಸ್ತ್ರಕ್ಕೇ ಸುರಿದರು. ಬೇಡ ಎನ್ನಲೂ ಇವರಿಗೆ ಬಾಯಿ ಇಲ್ಲ. ಅದನ್ನು ನೋಡಿ ಪಕ್ಕದ ಮನೆಯವರು, ಅವರನ್ನು ನೋಡಿ ಎದುರು ಮನೆಯವರು. ಮಠದ ಮರಿದೇವರು ಎಷ್ಟೋ ಕಾಲದ ಮೇಲೆ ಭಿಕ್ಷೆಗೆ ಬಂದಿದ್ದಾರೆ ಎಂದು ಬೀದಿಗೆ ಬೀದಿಯೇ ಸಂಭ್ರಮಪಟ್ಟಿತಂತೆ.

"ಓಟು ಎಷ್ಟಾಯ್ತು ಬುದ್ಧೀ?" ಎನ್ನುತ್ತಾ ಬಂದ ಕೆಂಪಣ್ಣ ಗಂಟನ್ನು ನೋಡಿದ.

"ಎರಡು ಸೇರು ಆಗಬಹುದು" ಎಂದರು ಮರಿದೇವರು.

ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಕೆಂಪಣ್ಣನೂ ನಕ್ಕ. ಅವರು ಮಾತ್ರ ತಲೆ ತಗ್ಗಿಸಿ ಕೋಣೆಗೆ ಹೋದರು. ಬಾಗಿಲ ಸಂದಿಯಿಂದ ನೋಡಿದರೆ ಗೋಡೆ ಕಡೆ ಮುಖ ಮಾಡಿ ಕೂತಿದ್ದರು, ಹೆಗಲು ಅಲುಗುತ್ತಿತ್ತು. ನನ್ನ ನಗು ಅಲ್ಲಿಗೇ ನಿಂತಿತು.

ಸಂಜೆ ಅದೇ ಹಿಟ್ಟಿನಲ್ಲಿ ರೊಟ್ಟಿ ತಟ್ಟಿಕೊಂಡು ಹೋಗಿ ಕೊಟ್ಟೆ. ಕೋಟೆ ಬೀದಿಯ ಕಥೆಯನ್ನು ಅವರು ನನಗೆ ಹೇಳಿದ್ದು ಅವತ್ತೇ. "ಇಲ್ಲ ಅಂತಾರಲ್ಲ ಕಮಲಮ್ಮ, ಅದಕ್ಕೇ ನನಗೆ ಭಯ" ಎಂದರು. ಇಷ್ಟು ದೊಡ್ಡ ಗಡ್ಡದ ಗಂಡಸಿನ ಬಾಯಲ್ಲಿ ಆ ಮಾತು! ಸಮಾಧಾನ ಹೇಳುವ ಬುದ್ಧಿ ನನಗೆ ಮೊದಲಿಂದಲೂ ಕಮ್ಮಿ. "ಹಂಗಾದ್ರೆ ನಾನೇ ಇಲ್ಲ ಅಂತೀನಿ, ನಾಳೆ ಬನ್ನಿ" ಎಂದೆ.

ಬೆಳಗ್ಗೆ ನಮ್ಮ ಮನೆಯ ಬಾಗಿಲು ಹಾಕಿಕೊಂಡು ಒಳಗೆ ನಿಂತೆ. ಹೊರಗೆ ಅವರು. ಎರಡು ಸಲ ಕೆಮ್ಮಿದರು. ಆಮೇಲೆ ಸಣ್ಣಗೆ, "ಮನೇಲಿ ಯಾರಿದ್ದೀರಿ?" ಎಂದರು. ಬಾಗಿಲು ತೆಗೆದೆ. "ಕೆಂಪಣ್ಣನಿಗೆ ಓಟು..." ಎನ್ನುವಷ್ಟರಲ್ಲಿ, "ಇಲ್ಲ, ಹೋಗಿ" ಎಂದು ದಢಾರನೆ ಬಾಗಿಲು ಹಾಕಿದೆ. ಅವರ ಕಾವಿಯ ತುದಿ ಸಿಕ್ಕಿಕೊಂಡಿತು. ತೆಗೆದು ಬಿಡಿಸಿದೆ. "ಇನ್ನೊಂದ್ಸಲ ಅನ್ನಿ ಕಮಲಮ್ಮ" ಎಂದರು. ಇನ್ನೊಂದು ಸಲ ಅಂದೆ. ಒಲೆಯ ಮೇಲಿದ್ದ ಹಾಲು ಉಕ್ಕಿಹೋಗುವವರೆಗೂ ಇಲ್ಲ ಎನ್ನುತ್ತಲೇ ಇದ್ದೆ. ಬೀದಿಯವರು ನನಗೆ ಹುಚ್ಚು ಹಿಡಿದಿದೆ ಎಂದುಕೊಂಡಿರಬೇಕು. ಅಯ್ಯನವರ ಮುಖಕ್ಕೆ ಬಾಗಿಲು ಹಾಕಿದವಳು ಎಂದು ನಮ್ಮತ್ತೆ ವಾರದವರೆಗೆ ನನ್ನ ಕೈಯ ನೀರು ಮುಟ್ಟಲಿಲ್ಲ.

ಮರಿದೇವರು ಅವತ್ತೇ ಮತ್ತೆ ಹೊರಟರು. ಸಿಕ್ಕಿದ ಮೊದಲ ಬಾಗಿಲು ಜಯಲಕ್ಷ್ಮಮ್ಮನದು. ಅವಳ ಗಂಡ ಸಾಹುಕಾರರ ಗಿರಣಿಯಲ್ಲೇ ಕೆಲಸಕ್ಕಿದ್ದ. ಮೊರ ಹಿಡಿದು ಬಂದವಳಿಗೆ ಇವರು, "ಹಿಟ್ಟು ಬೇಡಮ್ಮ, ನಿಮ್ಮ ಯಜಮಾನರ ಓಟು ಕೆಂಪಣ್ಣನಿಗೆ ಬೇಕು" ಎಂದು ಒಂದೇ ಉಸಿರಿಗೆ ಹೇಳಿದರು.

"ಅಯ್ಯೋ ಬುದ್ಧಿ, ಆಗಕ್ಕಿಲ್ಲ. ಅನ್ನ ಕೊಡೋರಿಗೆ ಎಂಗೆ ಇಲ್ಲ ಅನ್ನೋದು? ನಿಮಗೇ ಇಲ್ಲ ಅಂತೀನಿ, ಬೇಜಾರ್ ಮಾಡ್ಕಬ್ಯಾಡಿ. ಬಿಸ್ಲಲ್ಲಿ ಬಂದಿದ್ದೀರಿ, ಮಜ್ಜಿಗೆ ಕುಡ್ಕಂಡು ಓಗಿ" ಎಂದಳು ಅವಳು.

ಮಜ್ಜಿಗೆ ಕುಡಿದು, ಮೀಸೆಗೆ ಅಂಟಿದ್ದನ್ನೂ ಒರೆಸಿಕೊಳ್ಳದೆ ನಮ್ಮ ಜಗಲಿಗೆ ಬಂದರು. ಅವರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ. "ಇಲ್ಲ ಅಂದ್ರು ಕಮಲಮ್ಮ! ಅಂದು, ಬಾಗಿಲು ತೆಗೆದೇ ಇಟ್ಟಿದ್ರು!" ಎಂದರು.

ಆಮೇಲೆ ಅವರನ್ನು ಹಿಡಿಯುವವರಿಲ್ಲ. ಪೇಟೆ ಬೀದಿ, ಗಾಣಿಗರ ಬೀದಿ, ಸ್ಟೇಷನ್ನಿನ ಕಡೆಯ ಮನೆಗಳು, ಎಲ್ಲ ಸುತ್ತಿದರು. ಮಳೆ, ಬೆಳೆ, ಸೊಸೆಯ ಬಸಿರು, ಕರುವಿನ ಕಾಯಿಲೆ ಎಲ್ಲವನ್ನೂ ವಿಚಾರಿಸಿ ಆಮೇಲೆ ನಲ್ಲಿಯ ಮಾತು ತೆಗೆಯುತ್ತಿದ್ದರು. ಅಷ್ಟು ವರ್ಷ ಆಡದೆ ಉಳಿದ ಮಾತೆಲ್ಲ ಹೊರಗೆ ಬರುತ್ತಿತ್ತು. ಕೋಟೆ ಬೀದಿ ಮಾತ್ರ ಉಳಿಯಿತು. ನಾಳೆ, ನಾಡಿದ್ದು ಎಂದು ತಳ್ಳಿದರು. ಕೊನೆಗೆ ಓಟಿನ ಹಿಂದಿನ ದಿನ ಬಂದೇಬಿಟ್ಟಿತು.

"ನೀವೂ ಬರ್ತೀರಾ?" ಎಂದು ನನ್ನನ್ನು ಕೇಳಿದರು. ಒಲೆ ಆರಿಸಿ ಹೊರಟೆ.

ಕೋಟೆ ಬೀದಿಯ ಉಳಿದ ಮನೆಗಳಲ್ಲಿ ಚೆನ್ನಾಗಿಯೇ ಮಾತಾಡಿದರು. ಕೊನೆಯ ಮನೆ ಹತ್ತಿರವಾದ ಹಾಗೆ ದನಿ ಇಳಿಯುತ್ತಾ ಬಂತು. ಜಗಲಿಯ ಕೆಳಗೆ ನಿಂತರು. ನಾನು ಸ್ವಲ್ಪ ಹಿಂದೆ, ಪಕ್ಕಕ್ಕೆ ನಿಂತೆ. ಅವರು ಕೂಗಲಿಲ್ಲ. ಒಳಗಿನಿಂದ ಅವರ ಅಣ್ಣನ ಹೆಂಡತಿ ಗಂಗಾಂಬಿಕೆ ಇಣುಕಿ ನೋಡಿ, "ಅತ್ತೇ, ಕೋರಣ್ಯ" ಎಂದಳು. ಗುರುಸಿದ್ದಮ್ಮನವರು ಮೊರ ಹಿಡಿದು ಗೋಡೆ ತಡವುತ್ತಾ ಬಂದರು. ಕಣ್ಣಿಗೆ ಪೊರೆ ಬಂದಿತ್ತು. ಜೋಳಿಗೆ ಎಲ್ಲಿದೆ ಎಂದು ಕೈಯಾಡಿಸಿ, ಮೊರ ಬಗ್ಗಿಸಲು ಹೋದರು.

ಮರಿದೇವರು ಮೊರದ ಅಂಚು ಹಿಡಿದರು. "ಭಿಕ್ಷೆಗೆ ಬಂದಿಲ್ಲ. ಕೇಳೋಕೆ ಬಂದಿದ್ದೀನಿ" ಎಂದರು.

ಮೊರ ಹಾಗೇ ನಿಂತಿತು. ಒಂದು ಕಡೆ ತಾಯಿಯ ಕೈ, ಒಂದು ಕಡೆ ಮಗನ ಕೈ. 

"ಮಠದ ಬುದ್ಧಿಯವರಾ?" ಎಂದರು ಆಕೆ.

"ಹೌದು."

"ಕೇಳಿ."

ದರ್ಜಿ ಕೆಂಪಣ್ಣ ಒಳ್ಳೆಯವನು, ಗೆದ್ದರೆ ಬೀದಿಗೆ ನಲ್ಲಿ ತರಿಸುತ್ತಾನೆ, ನಿಮ್ಮ ಓಟು ಅವನಿಗೆ ಕೊಡಬೇಕು ಎಂದು ಇವರು ಪಾಠ ಒಪ್ಪಿಸಿದ ಹಾಗೆ ಹೇಳಿ ಮುಗಿಸಿದರು. ಗುರುಸಿದ್ದಮ್ಮನವರು ಮೊರವನ್ನು ತಮ್ಮ ಕಡೆಗೆ ಎಳೆದುಕೊಂಡು ಕೆಳಗಿಟ್ಟರು.

"ಕೆಂಪಣ್ಣ ಯಾರೋ ನಂಗೊತ್ತಿಲ್ಲ. ಕೇಳಿದ್ದು ನೀವು ತಾನೆ? ಆವತ್ತು ನೀವು ಕೇಳಿದ್ದುನ್ನ ಕೊಡ್ದೆ ಬಾಗ್ಲಾಕ್ಬುಟ್ಟೆ. ಇವತ್ತು ಕೇಳಿದ್ದು ಕೊಟ್ಟೆ, ತಗಳಿ" ಎಂದರು. ಆಮೇಲೆ, "ಇನ್ನೇನಾರಾ ಕೇಳೋದಿತ್ತಾ?" ಎಂದರು.

ಕೇಳಿ, ಕೇಳಿ ಎಂದು ನಾನು ಹಿಂದಿನಿಂದ ಮನಸ್ಸಿನಲ್ಲೇ ಕೂಗಿಕೊಂಡೆ. ಮರಿದೇವರ ಬಾಯಿ ತೆರೆದದ್ದೂ ಕಂಡಿತು. "ಇಲ್ಲ. ಇಷ್ಟೇ" ಎಂದರು.

ಓಟಿನ ದಿನ ಗುರುಸಿದ್ದಮ್ಮನವರು ಸೊಸೆಯ ಕೈ ಹಿಡಿದು ಬಂದು ಓಟು ಹಾಕಿ ಹೋದರು. ಕೆಂಪಣ್ಣ ಸೋತ. ಎರಡು ದಿನ ಮೆಷಿನ್ನು ಮುಟ್ಟಲಿಲ್ಲ, ಮೂರನೆಯ ದಿನ ಗೆದ್ದ ಸಾಹುಕಾರರದೇ ಕೋಟು ಹೊಲಿಯಲು ಕೂತ. ಮರಿದೇವರು ಮಾತ್ರ ಪುರಸಭೆಯ ಕಚೇರಿಗೆ ಹೋಗಿ, ಮುಂದಿನ ಚುನಾವಣೆ ಯಾವಾಗ ಎಂದು ಗುಮಾಸ್ತನನ್ನು ಕೇಳಿದರಂತೆ. ಇನ್ನು ಮೂರೋ ನಾಲ್ಕೋ ವರ್ಷವಾಗುತ್ತೆ ಸ್ವಾಮಿ, ಯುದ್ಧ ಬೇರೆ, ಹೇಳೋಕಾಗಲ್ಲ ಎಂದನಂತೆ ಅವನು. ಬಂದು ನಮ್ಮ ಜಗಲಿಯ ಮೇಲೆ ಸುಮ್ಮನೆ ಕೂತರು.

ನನಗೆ ರೇಗಿಹೋಯಿತು. "ಅವ್ವನ ಮನೆಗೆ ಹೋಗೋಕೆ ಓಟ್ಯಾಕೆ ಬುದ್ಧಿ? ಎದ್ದು ಹೋಗಿ" ಎಂದೆ.

"ಮಠದ ಮರಿಗೆ ಅವ್ವ ಇಲ್ಲ ಕಮಲಮ್ಮ. ಓಟು ಹಾಕೋರು ಇರಬಹುದು" ಎಂದರು.

ಆಮೇಲಿನ ವರ್ಷಗಳಲ್ಲಿ ನಮ್ಮೂರಿನಲ್ಲಿ ಯಾವ ಸಾರ್ವಜನಿಕ ಕೆಲಸ ಬಂದರೂ ಮನೆಮನೆಗೆ ಹೋಗುವವರು ಮರಿದೇವರೇ. ನಲ್ಲಿಗಾಗಿ ಅರ್ಜಿಗೆ ಸಹಿ ಬೇಕು, ಹೋದರು. ವಾಚನಾಲಯ ಬೇಕು, ಹೋದರು. ಖಾದಿ ಭಂಡಾರಕ್ಕೆ ನೂಲು, ಹೆಣ್ಣುಮಕ್ಕಳ ಶಾಲೆಗೆ ಬಾವಿ, ಎಲ್ಲಕ್ಕೂ ಹೋದರು. ಸುತ್ತುವುದೆಲ್ಲ ಸುತ್ತಿ, ಪ್ರತಿ ಸಲವೂ ಕೊನೆಗೆ ಕೋಟೆ ಬೀದಿ, ಅದರಲ್ಲೂ ಕೊನೆಗೆ ಆ ಮನೆ. ಗುರುಸಿದ್ದಮ್ಮನವರು ಬಾಗಿಲಲ್ಲೇ ಕೂತು ಅರ್ಜಿಗೆ ಹೆಬ್ಬೆಟ್ಟು ಒತ್ತಿ, "ಮುಂದಕ್ಕೆ ಯಾವಾಗ ಬತ್ತೀರಿ?" ಎಂದು ಕೇಳುತ್ತಿದ್ದರು. ಇವರು ಹೊಸ್ತಿಲಿನ ಈಚೆ, ಆಕೆ ಆಚೆ. ಬುದ್ಧಿಯವರು ದೇಶಸೇವೆಗೆ ನಿಂತುಬಿಟ್ಟರು ಎಂದು ಊರವರು ಹೊಗಳಿದರು. ಪುರಸಭೆಗೆ ಇವರ ಕಾಟ ತಡೆಯಲಾಗದೆ ನಲ್ಲಿಯೂ ಬಂತು. ನಾನು ನೀರು ಹಿಡಿಯುವಾಗಲೆಲ್ಲ ಆ ಮೊರ ನೆನಪಾಗುತ್ತಿತ್ತು.

ಯುದ್ಧ ಮುಗಿಯುವ ಹಿಂದಿನ ವರ್ಷದ ಮಳೆಗಾಲದಲ್ಲಿ ಗುರುಸಿದ್ದಮ್ಮನವರು ತೀರಿಕೊಂಡರು. ಪಂಚಾಕ್ಷರಯ್ಯನವರು ಮಠದ ಅಯ್ಯನಾಗಿ ಹೋಗಿ, ಜನರ ನಡುವೆ ನಿಂತು ಬಂದರು. ಮಗನಾಗಿ ಮಣ್ಣು ಹಾಕಿದ್ದು ಅವರ ಅಣ್ಣ. ಅವತ್ತು ಸಂಜೆ ಎಂದಿನ ಹಾಗೆ ಎಲೆ ಹಚ್ಚುತ್ತಾ ಕೂತರು. ಮೆಷಿನ್ನು ನಿಂತಿತ್ತು. ಕೆಂಪಣ್ಣ ಒಂದು ಮಾತೂ ಆಡದೆ ಪಕ್ಕದಲ್ಲಿ ಕೂತಿದ್ದ.

ಮುಂದೂಡಿದ ಚುನಾವಣೆ ಯುದ್ಧ ಮುಗಿದ ಮೇಲೆ ಬಂತು. ಕೆಂಪಣ್ಣ ಮತ್ತೆ ನಿಂತ. ಈ ಸಲ ಬುದ್ಧಿಯವರನ್ನು ಕಳಿಸುವುದು ಬೇಡ ಎಂದು ನಾನೇ ಅವನಿಗೆ ಹೇಳಿದೆ. ಆದರೆ ಬೆಳಗ್ಗೆ ನೋಡಿದರೆ ಅವರು ಹೊರಟು ನಿಂತಿದ್ದರು. ನಾನೂ ಜೊತೆಗೆ ಹೋದೆ. ಕೋಟೆ ಬೀದಿಯ ಒಂದು ಮನೆಯನ್ನೂ ಬಿಡಲಿಲ್ಲ. ಕೊನೆಯ ಮನೆಯ ಜಗಲಿ ಹತ್ತಿ ನಿಂತು, "ಮನೇಲಿ ಯಾರಿದ್ದೀರಿ?" ಎಂದು ಗಟ್ಟಿಯಾಗಿಯೇ ಕೂಗಿದರು.

ಗಂಗಾಂಬಿಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಇವರನ್ನು ನೋಡಿ ಬಾಗಿಲನ್ನು ಪೂರ್ತಿ ತೆರೆದಳು. "ಹೊರಗ್ಯಾಕ್ ನಿಂತ್ರಿ ಬುದ್ಧಿ? ಒಳೀಕ್ ಬನ್ನಿ. ಈಗ್ಯಾರು ಆ ಶಾಸ್ತ್ರ ಎಲ್ಲ ನೋಡ್ತಾರೆ, ಬನ್ನಿ, ಕೂತ್ಕಳಿ" ಎಂದಳು.

ಮರಿದೇವರು ತೆರೆದ ಬಾಗಿಲಿನಿಂದ ಒಳಗೆ ನೋಡಿದರು. ನಡುಮನೆಯ ಗೋಡೆಗೆ ಆ ಮೊರ ಒರಗಿಸಿತ್ತು.

"ಇಲ್ಲ ತಾಯಿ, ಓಟು ಕೇಳೋಕೆ ಬಂದೆ ಅಷ್ಟೇ" ಎಂದು ಹೇಳಿ, ಕೆಂಪಣ್ಣನ ಹೆಸರು ಹೇಳಿ, ಜಗಲಿ ಇಳಿದರು.